ಕಾಗೆಗೆ ಅನ್ನ ಹಾಕಬಾರದ ಪಾರ್ಕು

ಸ್ಯಾನ್ ರಮೋನ್,
ಕ್ಯಾಲಿಫೋರ್ನಿಯಾ,
ಸೆಪ್ಟೆಂಬರ್ 2, 2025

ತಾಯಕ್ಕನವರಿಗೆ, ನಿಮ್ಮ ತಂಗಿ ರಂಜನಿಯ ಗಂಡ ಚೆಲುವರಾಜು ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತೇನೆ, ಆಫೀಸಿಗೆ ಹೋಗುತ್ತೇನೆ, ಮೀಟಿಂಗುಗಳಲ್ಲಿ ತಲೆಯಾಡಿಸುತ್ತೇನೆ. ಏಪ್ರಿಲ್‌ನಲ್ಲಿ ರಂಜನಿ ಹೋದ ಮೇಲೆ ನನ್ನ ತಲೆಯಾಡಿಸುವಿಕೆ ಎಷ್ಟು ಸುಧಾರಿಸಿದೆ ಎಂದರೆ, ನಮ್ಮ ಮ್ಯಾನೇಜರು ಮೊನ್ನೆ ಎಲ್ಲರ ಮುಂದೆ 'ಚೆಲುವ ಎಷ್ಟು ಒಳ್ಳೆಯ ಕೇಳುಗ ನೋಡಿ' ಎಂದು ಹೊಗಳಿದರು. ಅದಕ್ಕೂ ತಲೆಯಾಡಿಸಿದೆ.

ಫೋನು ಬಿಟ್ಟು ಕಾಗದಕ್ಕೆ ಇಳಿದ ಕಾರಣ ನಿಮಗೇ ಗೊತ್ತು. ನಿಮ್ಮ ಕಿವಿಯ ಮೆಷೀನು ಕೈಕೊಟ್ಟ ಮೇಲೆ ನೀವು ಮಂಡ್ಯದಿಂದ 'ಆಂ?' ಅನ್ನುವುದು, ನಾನು ಇಲ್ಲಿಂದ ಕೂಗುವುದು. ಕಳೆದ ಸಲ ಪಕ್ಕದ ಮನೆಯಾಕೆ ಓಡಿಬಂದು 'ಎಲ್ಲ ಸರಿಯಿದೆಯೇ?' ಎಂದು ವಿಚಾರಿಸಿದರು. ಎಲ್ಲ ಸರಿಯಿದೆ ಎಂದು ಅದನ್ನೂ ಅಭ್ಯಾಸಬಲದಿಂದ ಕೂಗಿಯೇ ಹೇಳಿದೆ. ಇನ್ನು ಮೇಲೆ ಹೀಗೆ ಬರೆದು, ಫೋಟೋ ತೆಗೆದು, ನಿಮ್ಮ ಸೊಸೆ ಹರ್ಷಿತಾಳ ಫೋನಿಗೆ ಕಳಿಸುತ್ತೇನೆ. ನೀವೂ ಹಾಗೇ ಮಾಡಿ.

ಎರಡು ವಿಷಯಗಳಿವೆ. ಮೊದಲನೆಯದು, ನಿನ್ನೆ ರಂಜನಿಯ ಹೆಸರಿಗೆ ಒಂದು ಈಮೇಲು ಬಂದಿದೆ. 'ಸಿದ್ಧರಾಗಿ, ರಂಜನಿ! ನಿಮ್ಮ ಕ್ಯಾಂಪಿಂಗ್ ದಿನ ಹತ್ತಿರವಾಗುತ್ತಿದೆ!' ಕಳಿಸಿದವರು ಸ್ಟೇಟ್ ಪಾರ್ಕಿನವರು. ಇಲ್ಲಿ ಸರ್ಕಾರದ ಕಾಡಿನಲ್ಲಿ ಒಂದು ರಾತ್ರಿ ಡೇರೆ ಹಾಕಬೇಕಾದರೆ ಆರು ತಿಂಗಳು ಮುಂಚೆ, ಬೆಳಿಗ್ಗೆ ಎದ್ದು, ಕಂಪ್ಯೂಟರಿನ ಮುಂದೆ ತಪಸ್ಸಿಗೆ ಕೂತು ಜಾಗ ಹಿಡಿಯಬೇಕು. ತಿರುಪತಿ ದರ್ಶನದ ಟಿಕೆಟ್ಟಿಗೂ ಇಷ್ಟು ಪೈಪೋಟಿ ಇಲ್ಲ. ಅವಳು ಮಾರ್ಚಿನಲ್ಲಿ ನನಗೆ ಹೇಳದೆ ಹಿಡಿದಿಟ್ಟಿದ್ದಾಳೆ. ಈಮೇಲಿನಲ್ಲಿ ಕಂಡದ್ದು: ಒಂದು ಕಾರು, ಇಬ್ಬರು ಮನುಷ್ಯರು, ಒಂದು ನಾಯಿ. ಈ ತಿಂಗಳ ಇಪ್ಪತ್ತು, ಶನಿವಾರ.

ಕ್ಯಾಂಪಿಂಗ್ ಹೋಗೋಣ ಎಂದು ಅವಳು ವರ್ಷಕ್ಕೊಮ್ಮೆ ಕೇಳುವುದು, 'ಇಷ್ಟು ಕಷ್ಟಪಟ್ಟು ಒಂದು ಮಂಚ ಸಂಪಾದಿಸಿದ್ದು ಮತ್ತೆ ನೆಲದಲ್ಲಿ ಮಲಗೋದಕ್ಕಾ?' ಎಂದು ನಾನು ಅನ್ನುವುದು, ಅವಳು ನಗುವುದು, ಹೀಗೆ ನಡೆದುಕೊಂಡು ಬಂದಿತ್ತು. ನಕ್ಕಳೆಂದರೆ ಬಿಟ್ಟಳೆಂದು ಅಂದುಕೊಂಡಿದ್ದೆ.

ಎರಡನೆಯದು ರಂಜನಿಯ ನಾಯಿ ಬೆಲ್ಲನ ವಿಷಯ. ಅವನನ್ನು ಫಾಸ್ಟರ್ ಸಿಟಿಯ ಯತೀಶ್ ಮತ್ತು ತನ್ವಿ ಎಂಬ ಉಡುಪಿ ಕಡೆಯ ದಂಪತಿಗೆ ಕೊಡಬೇಕೆಂದು ಮಾಡಿದ್ದೇನೆ. ಒಳ್ಳೆಯ ಜನ. ಮನೆಯ ಹಿಂದೆಯೇ ನೀರು, ಮುಂದೆ ಹುಲ್ಲು, ಒಳಗೆ ಲಾಸ್ಯಾ ಎಂಬ ಮಗಳು. ಆ ಮಗು ನಾಯಿಗೆ ಈಗಾಗಲೇ ಹಾಸಿಗೆ ಆರಿಸಿದೆಯಂತೆ. ನನ್ನ ಮನೆಯಲ್ಲಿ ಅವನು ದಿನವಿಡೀ ಒಬ್ಬನೇ. ದುಃಖದಲ್ಲಿದ್ದಾನೆ ಎಂದು ಸುಳ್ಳು ಹೇಳಲಾರೆ. ತಿನ್ನುತ್ತಾನೆ, ಮಲಗುತ್ತಾನೆ, ಅಂಚೆಯವನಿಗೆ ಬೊಗಳುತ್ತಾನೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು 'ಬೆಲ್ಲಾ' ಎಂದು ಹೆಣ್ಣು ಹೆಸರಾಗಿ ಕೂಗುತ್ತಾರೆ, ಇವನು ಬೇಜಾರಿಲ್ಲದೆ ಎದ್ದು ಹೋಗುತ್ತಾನೆ. ನಾವಿಬ್ಬರೂ ಒಂದೇ ಹೋಟೆಲಿನಲ್ಲಿ ತಂಗಿರುವ ಅಪರಿಚಿತರ ಹಾಗೆ ಇದ್ದೇವೆ. ಕಾರಿಡಾರಿನಲ್ಲಿ ಎದುರಾದರೆ ದಾರಿ ಬಿಡುತ್ತೇವೆ.

ಕೊಡುವುದರಲ್ಲಿ ತಪ್ಪೇನಾದರೂ ಇದೆಯೇ? ಮನೆಗೆ ದೊಡ್ಡವರು ನೀವು. ಒಂದು ಮಾತು ಹೇಳಿ.

ನಿಮ್ಮ ವಿಧೇಯ,
ಚೆಲುವರಾಜು

*

ಮಂಡ್ಯ,
6-9-2025

ಚಿ. ಚೆಲುವರಾಜುಗೆ ದೊಡ್ಡತಾಯಮ್ಮನ ಆಶೀರ್ವಾದ.

ನಿನ್ನ ಕಾಗದವನ್ನು ಹರ್ಷಿತಾ ಫೋನಿನಲ್ಲಿ ಬೆರಳಿಟ್ಟು ಹಿಗ್ಗಿಸಿ ಹಿಗ್ಗಿಸಿ ತೋರಿಸಿದಳು. ಅಕ್ಷರ ಎಕ್ಕುಟ್ಟು ಹೋಗಿದೆ. ನಿವೃತ್ತಳಾಗುವ ತನಕ ಪ್ರೈಮರಿ ಮಕ್ಕಳ ಕಾಪಿ ತಿದ್ದಿದವಳು ಹೇಳುತ್ತಿದ್ದೇನೆ, ನಾಲ್ಕನೇ ಕ್ಲಾಸಿನಲ್ಲಿ ಹೀಗೆ ಬರೆದಿದ್ದರೆ ನಿನ್ನನ್ನು ಅಲ್ಲೇ ಇನ್ನೊಂದು ವರ್ಷ ಕೂರಿಸುತ್ತಿದ್ದೆ.

ಎರಡು ವಿಷಯ ಅಂತ ಬರೆದಿದ್ದೀಯೆ. ಎರಡಲ್ಲ, ಒಂದೇ. ಕ್ಯಾಲೆಂಡರ್ ತೆಗೆದು ನೋಡು. ಇಪ್ಪತ್ತೊಂದು ಭಾನುವಾರ ಮಹಾಲಯ ಅಮಾವಾಸ್ಯೆ. ಅವಳು ಜಾಗ ಹಿಡಿದಿರೋದು ಹಿಂದಿನ ಶನಿವಾರಕ್ಕೆ. ಗೊತ್ತಿದ್ದು ಹಿಡಿದಳೋ ಗೊತ್ತಿಲ್ಲದೆ ಹಿಡಿದಳೋ, ಅವಳನ್ನೇ ಕೇಳಬೇಕು. ಅಲ್ಲಿಗೆ ಹೋಗು. ಭಾನುವಾರ ಬೆಳಿಗ್ಗೆ ಅಲ್ಲೇ ಅವಳಿಗೆ ಎಡೆ ಇಡು. ವರ್ಷ ತುಂಬುವ ಮುಂಚೆ ಇಡಬಾರದು ಅನ್ನುವವರೂ ಇದ್ದಾರೆ. ಅವರ ಶಾಸ್ತ್ರ ಅವರ ಮನೆಗಿರಲಿ.

ಮುದ್ದೆ, ಹುರುಳಿಕಾಳು ಉಪ್ಸಾರು, ಮೇಲೆ ಖಾರ. ಎರಡು ಕಜ್ಜಾಯ. ನಿಮ್ಮ ದೇಶದ ಆ ಚಕ್ಕೆ ಹಾಕಿದ ಸುರುಳಿ ಬನ್ನು ಅಂದ್ರೆ ಪ್ರಾಣ ಬಿಡೋಳು, ಅದನ್ನೂ ಒಂದು ಇಡು. ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕೇ ಹೊರತು ಪುರೋಹಿತರಿಗೆ ಇಷ್ಟವಾದದ್ದನ್ನಲ್ಲ.

ಎಲೆಯನ್ನು ಬಯಲಲ್ಲಿಟ್ಟು, ಹಿಂದೆ ಸರಿದು ನಿಂತು ಕೇಳು: 'ನಾಯೀನ ಫಾಸ್ಟರ್ ಸಿಟಿಯೋರಿಗೆ ಕೊಡ್ತಾ ಇದ್ದೀನಿ, ನಿನ್ನ ಒಪ್ಪಿಗೆ ಐತಾ?' ಕಾಗೆ ಬಂದು ಮುಟ್ಟಿದರೆ ಕೊಟ್ಟುಬಿಡು. ಮುಟ್ಟದಿದ್ದರೆ ಮಾತು ವಾಪಸ್ ತಗೊಂಡು ನಾಯೀನ ಇಟ್ಟುಕೋ. ಅವಳು ಸಾಕಿದ ನಾಯಿ, ಅವಳೇ ಹೇಳಲಿ. ನನ್ನನ್ನು ಯಾಕೆ ನಡುವೆ ಎಳೀತೀಯೆ?

ನಗಬೇಡ. ನಮ್ಮಪ್ಪ ಹೋದಾಗ ಮಧ್ಯಾಹ್ನ ಮೀರಿದರೂ ಕಾಗೆ ಎಲೆ ಮುಟ್ಟಿರಲಿಲ್ಲ. ಗದ್ದೆ ಮಾರಲ್ಲ ಅಂತ ಚಿಕ್ಕಪ್ಪ ಹೇಳಿದ, ಮುಟ್ಟಲಿಲ್ಲ. ದೇವರ ಹರಕೆ ತೀರಿಸ್ತೀನಿ ಅಂತ ಅಣ್ಣ ಹೇಳಿದ, ಮುಟ್ಟಲಿಲ್ಲ. ಕೊನೆಗೆ ನಮ್ಮವ್ವ 'ದೊಡ್ಡೋಳನ್ನ ಟೀಚರ್ ಟ್ರೈನಿಂಗಿಗೆ ಕಳಿಸ್ತೀನಿ ಕಣಪ್ಪಾ, ಇನ್ನಾದ್ರೂ ಉಣ್ಣು' ಅಂದಳು. ಬಂತು. ನಾನು ಟೀಚರಾದದ್ದು ಸರ್ಕಾರದ ದಯೆಯಲ್ಲ, ಕಾಗೆಯ ದಯೆ.

ದೊಡ್ಡತಾಯಮ್ಮ

*

ಸ್ಯಾನ್ ರಮೋನ್,
ಸೆಪ್ಟೆಂಬರ್ 18

ತಾಯಕ್ಕನವರಿಗೆ,

ಅವಸರದ ಪತ್ರ. ಬಾಳೆ ಎಲೆ ಇಂಡಿಯನ್ ಗ್ರೋಸರಿಯಲ್ಲಿ ಸಿಕ್ಕಿತು. ಹಿಮಗಟ್ಟಿದ ಎಲೆ, ಬಟಾಣಿಯ ಪಕ್ಕದಲ್ಲಿ ಮಲಗಿತ್ತು. ಕಜ್ಜಾಯಕ್ಕೆ ಯೂನಿಯನ್ ಸಿಟಿಯ ಮೈಥಿಲಿ ಎಂಬಾಕೆಗೆ ಹೇಳಿದ್ದೇನೆ. ಡೇರೆ ತಂದಿದ್ದೇನೆ, ಅದನ್ನು ಎಬ್ಬಿಸುವುದು ಹೇಗೆಂಬ ವಿಡಿಯೋ ನೋಡಿದೆ, ವಿಡಿಯೋದಲ್ಲಿ ಎದ್ದಿತು.

ಒಂದೇ ಸಂದೇಹ. ಕಾಗೆ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು? ಮಧ್ಯಾಹ್ನ ಹನ್ನೆರಡಕ್ಕೆ ಜಾಗ ಖಾಲಿ ಮಾಡಬೇಕೆಂದು ನಿಯಮವಿದೆ.

ಚೆಲುವರಾಜು

*

ಮಂಡ್ಯ,
19-9-2025

ಬರೋವರೆಗೂ.

ದೊ. ತಾ.

*

ಸ್ಯಾನ್ ರಮೋನ್,
ಸೆಪ್ಟೆಂಬರ್ 22

ತಾಯಕ್ಕನವರಿಗೆ ನಮಸ್ಕಾರಗಳು.

ಹೋಗಿಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಯಾಕೆಂದರೆ ಕೊನೆಯಲ್ಲಿ ನೀವು ತೀರ್ಪು ಕೊಡಬೇಕಾಗಿದೆ.

ಶನಿವಾರ ಬೆಳಿಗ್ಗೆ ಬೆಲ್ಲನನ್ನು ಹಿಂದಿನ ಸೀಟಿಗೆ ಹತ್ತಿಸಿ ಹೊರಟೆ. ಸೇತುವೆ ದಾಟಿದ ಕೂಡಲೇ ಫಾಸ್ಟರ್ ಸಿಟಿ. 'ನೋಡಪ್ಪ, ನೀನು ಮುಂದೆ ಇರೋ ಊರು' ಎಂದು ತೋರಿಸಿದೆ. ಅವನು ಇನ್ನೊಂದು ಕಿಟಕಿಯಲ್ಲಿ ಲಾರಿ ನೋಡುತ್ತಿದ್ದ. ಅಲ್ಲಿಂದ ಗುಡ್ಡ ಹತ್ತಿ ಇಳಿದು, ಕಡಲ ಪಕ್ಕದಲ್ಲಿ ದಕ್ಷಿಣಕ್ಕೆ ಹೋಗಿ, ಪೆಸ್ಕಡೆರೋ ಎಂಬ ಹಳ್ಳಿ ದಾಟಿ ಒಳಕ್ಕೆ ತಿರುಗಿದರೆ ಕೆಂಪುಮರಗಳ ಕಾಡು. ಬೇ ಏರಿಯಾಗೆ ಬಂದು ತಲೆಕೂದಲು ನೆರೆಯುವಷ್ಟು ಕಾಲವಾದರೂ ಆ ಕಡೆ ತಲೆಹಾಕಿದವನಲ್ಲ. ಮರಗಳು ಎಷ್ಟು ಎತ್ತರವೆಂದರೆ, ತುದಿ ನೋಡಲು ಹೋಗಿ ಕುತ್ತಿಗೆ ಹಿಡಿದುಕೊಂಡಿತು. ಸೌಂದರ್ಯದಿಂದ ನನಗಾದ ಪರಿಣಾಮ ಅಷ್ಟೇ.

ಗೇಟಿನ ಗೂಡಿನಲ್ಲಿದ್ದ ಹುಡುಗ 'ಹೆಸರು?' ಎಂದ. 'ರಂಜನಿ' ಎಂದೆ. ಪಟ್ಟಿ ನೋಡಿ 'ವೆಲ್‌ಕಮ್, ರಂಜನಿ!' ಎಂದ. ತಿದ್ದಲು ಹೋದರೆ ಮಾತು ಉದ್ದವಾಗುತ್ತಿತ್ತು. 'ಥ್ಯಾಂಕ್ ಯೂ' ಎಂದೆ. ನಮ್ಮ ಜಾಗದ ಕಂಬಕ್ಕೂ ಅದೇ ಹೆಸರಿನ ಚೀಟಿ ಸಿಕ್ಕಿಸಿದ್ದರು. ಹೀಗಾಗಿ ಆ ಒಂದು ದಿನ ಕ್ಯಾಲಿಫೋರ್ನಿಯಾ ಸರ್ಕಾರದ ಮಟ್ಟಿಗೆ ರಂಜನಿ ಬಂದಿದ್ದಳು, ನಾನು ಬಂದಿರಲಿಲ್ಲ.

ಆ ಹುಡುಗನೇ ಮೊದಲ ಆಘಾತ ಕೊಟ್ಟ. ನಾಯಿ ಕಾಡಿನ ಕಾಲುದಾರಿಗಳಲ್ಲಿ ಹೋಗುವಂತಿಲ್ಲವಂತೆ. ಡಾಂಬರು ರಸ್ತೆ, ಡೇರೆಯ ಜಾಗ, ಊಟದ ಮೇಜು, ಇಷ್ಟಕ್ಕೇ ಪ್ರವೇಶ. ನಮ್ಮ ಸ್ಯಾನ್ ರಮೋನಿನ ಗುಡ್ಡಗಳಲ್ಲಿ ಹಗ್ಗವಿಲ್ಲದೆ ಜಹಗೀರುದಾರನಂತೆ ತಿರುಗಿದವನು ಬೆಲ್ಲ. 'ಅದು ಬೇರೆ ಇಲಾಖೆಯ ಪಾರ್ಕು ಸರ್, ಇದು ಸ್ಟೇಟ್ ಪಾರ್ಕು' ಎಂದ ಹುಡುಗ. ಹಳೆಯ ಹಳೆಯ ಮರಗಳನ್ನು ನೋಡಲೆಂದು ಅಷ್ಟು ದೂರದಿಂದ ಬಂದ ನಾಯಿಗೆ ಪಾರ್ಕಿಂಗ್ ಲಾಟನ್ನು ಎರಡು ಸುತ್ತು ತೋರಿಸಿದೆ. ಅವನು ಒಂದೊಂದು ಟೈರನ್ನೂ ಶ್ರದ್ಧೆಯಿಂದ ಪರಿಶೀಲಿಸಿದ. ಮೋಸಹೋದವನಂತೆ ಕಾಣಲಿಲ್ಲ.

ಡೇರೆ ಏಳಲಿಲ್ಲ. ಕಾರಿನಲ್ಲೇ ಮಲಗಿದೆವು.

ಭಾನುವಾರ ಬೆಳಿಗ್ಗೆ ಸಣ್ಣ ಸ್ಟೌ ಹಚ್ಚಿ ಮುದ್ದೆ ತೊಳಸಲು ಕೂತೆ. ಪಕ್ಕದ ಡೇರೆಯ ವಯಸ್ಸಾದ ಅಮೆರಿಕನ್ ಗಂಡಹೆಂಡಿರು ಕಾಫಿ ಹಿಡಿದು ಬಂದು ನಿಂತರು. ನಾನು ಪಾತ್ರೆಯನ್ನು ಎರಡು ಕಾಲಿನ ನಡುವೆ ಅವುಚಿಕೊಂಡು ಕೋಲಿನಿಂದ ತಿರುವುವುದನ್ನು ನೋಡಿ ಆತ, 'ಡೇರೆಗೆ ಗಾರೆ ಹಾಕ್ತೀರಾ?' ಎಂದು ಮೃದುವಾಗಿ ಕೇಳಿದರು. 'ಊಟ' ಎಂದೆ. 'ಓ, ಗ್ರೇಟ್' ಎಂದು ಇಬ್ಬರೂ ಒಟ್ಟಿಗೆ ಹಿಂದೆ ಸರಿದರು.

ಮರದ ಮೇಜಿನ ಮೇಲೆ ಎಲೆ ಹಾಸಿ, ನೀವು ಹೇಳಿದ ಕ್ರಮದಲ್ಲಿ ಬಡಿಸಿದೆ. ಮುದ್ದೆ ಒಂದು ಕಡೆ ವಾಲಿತ್ತು. ಬೆಲ್ಲನನ್ನು ಮೇಜಿನ ಕಾಲಿಗೆ ಕಟ್ಟಿದೆ. ಇನ್ನು ಪ್ರಶ್ನೆ ಕೇಳಬೇಕು. ಅಷ್ಟು ಜನರ ನಡುವೆ ಬರೀ ಗಾಳಿಯನ್ನು ಮಾತಾಡಿಸಲು ನಾಚಿಕೆಯಾಗಿ ಫೋನನ್ನು ಕಿವಿಗಿಟ್ಟುಕೊಂಡೆ. ಹೆಂಡತಿಗೆ ಫೋನು ಮಾಡುತ್ತಿದ್ದಾನೆ ಅಂದುಕೊಳ್ಳಲಿ ಎಂದು. 'ರಂಜು, ನಾಯೀನ ಫಾಸ್ಟರ್ ಸಿಟಿಯವರಿಗೆ ಕೊಡ್ತಾ ಇದೀನಿ. ಒಪ್ಪಿಗೆ ಅಂದ್ರೆ ಬಾ' ಎಂದೆ. ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಆದರೂ ತಟ್ಟನೆ ಇಟ್ಟುಬಿಡುವುದು ಸರಿಯಲ್ಲವೆಂದು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.

ಕಾಗೆಗಳು ಇದ್ದವು. ಮರಗಳ ತುದಿಯಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದವು, ಇಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಬೇರೊಂದು ಹಕ್ಕಿ ಇಳಿಯಿತು. ಮೈಯೆಲ್ಲ ಕಡು ನೀಲಿ, ತಲೆಯ ಮೇಲೆ ಕಪ್ಪು ಜುಟ್ಟು, ನಡಿಗೆಯಲ್ಲಿ ತಹಸೀಲ್ದಾರನ ಗತ್ತು. ಮೇಜಿನ ತುದಿಗೆ ಬಂತು. ಬನ್ನನ್ನು ನೋಡಿತು. ಮುದ್ದೆಯನ್ನು ನೋಡಿತು. ನನ್ನನ್ನು ನೋಡಿತು. ಬೆಲ್ಲ ಬಾಲ ಕೂಡ ಅಲ್ಲಾಡಿಸದೆ ಕೂತಿದ್ದ. ಹಕ್ಕಿ ಎಲೆಯ ಅಂಚಿನ ಮೇಲೆ ಕಾಲಿಟ್ಟು ಕೊಕ್ಕನ್ನು ಕೆಳಗೆ ಮಾಡಿತು.

ಆಗ ನನ್ನ ಬಲಗೈ ಮೇಲೆದ್ದಿತು, ತಾಯಕ್ಕ. 'ಹುಶ್!' ಎಂದು ಕೂಗಿದೆ. ಹಕ್ಕಿ ಹಾರಿಹೋಯಿತು. ನಾನು ಕೈಯನ್ನು ನೋಡಿಕೊಂಡೆ. ನನ್ನದೇ ಕೈ, ಉಂಗುರವಿತ್ತು.

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ರೇಂಜರ್. ದೊಡ್ಡ ಹ್ಯಾಟಿನ ಹೆಣ್ಣುಮಗಳು. 'ಥ್ಯಾಂಕ್ ಯೂ ಸರ್! ಎಲ್ಲರೂ ನಿಮ್ಮ ಹಾಗೆ ಆ ಹಕ್ಕಿಗಳನ್ನ ಓಡಿಸಿದ್ರೆ ನಮ್ಮ ಕೆಲಸ ಎಷ್ಟು ಸುಲಭ ಆಗ್ತಿತ್ತು' ಎಂದಳು. ಆಮೇಲೆ ಎಲೆ ನೋಡಿದಳು. ಅವಳ ಮುಖದ ಮೆಚ್ಚುಗೆ ಮೆಲ್ಲಗೆ ಇಳಿಯಿತು.

ಆ ಪಾರ್ಕಿನಲ್ಲಿ ಕಾಗೆಗೆ ಒಂದು ಅಗುಳು ಹಾಕುವುದೂ ಅಪರಾಧ. ಮರಗಳ ತುದಿಯಲ್ಲಿ ಒಂದು ಬಡಪಾಯಿ ಕಡಲಹಕ್ಕಿ ಗೂಡುಮಾಡುತ್ತದಂತೆ. ಜನ ಚೆಲ್ಲಿದ ಅನ್ನಕ್ಕೆಂದು ಬರುವ ಕಾಗೆಗಳು, ಕಾಗೆಯ ಸಂಬಂಧಿಕರು, ಎಲ್ಲ ಹೊಟ್ಟೆ ತುಂಬಿದ ಮೇಲೆ ಬಾಯಿರುಚಿಗೆ ಅದರ ಮೊಟ್ಟೆ ತಿನ್ನುತ್ತವಂತೆ. ಆ ನೀಲಿ ಹಕ್ಕಿಯೂ ಕಾಗೆಯ ಕುಲದ್ದೇ ಎಂದು ಅವಳೇ ಹೇಳಿದಳು. ನಮ್ಮ ಹಿರಿಯರಿಗೆ ಊಟ ತಲುಪಿಸುವ ಪಕ್ಷಿಯ ಮೇಲೆ ಇಲ್ಲಿ ಇಂಥ ಕೇಸಿದೆ ಎಂದು ನನಗೇನು ಗೊತ್ತು?

'ಇದನ್ನೆಲ್ಲ ಹೀಗೆ ತೆರೆದು ಬಿಡಬಾರದು ಸರ್. ಯಾರ ಊಟ?' ಎಂದಳು.

'ನನ್ನ ಹೆಂಡತಿಯದು.'

'ಎಲ್ಲಿದ್ದಾರೆ ಅವರು?'

'ಬರಬೇಕಿತ್ತು.'

ಅವಳು ಕಂಬದ ಚೀಟಿ ಓದಿದಳು. 'ರಂಜನಿ ಅಲ್ವಾ? ತೊಂದರೆ ಇಲ್ಲ. ಅವರು ಬರೋವರೆಗೂ ಪೆಟ್ಟಿಗೆಯಲ್ಲಿ ಇಟ್ಟು ಚಿಲಕ ಹಾಕಿ. ಬಂದ ಮೇಲೆ ತೆಗೀರಿ' ಎಂದು, ಒಂದೊಂದು ಜಾಗಕ್ಕೂ ಇಟ್ಟಿರುವ ಕಬ್ಬಿಣದ ಪೆಟ್ಟಿಗೆ ತೋರಿಸಿದಳು. ಎಲೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡು ಹೋಗಿ ಒಳಗಿಟ್ಟೆ. ಅವಳು ನಿಂತು, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ, ಬೆಲ್ಲನ ತಲೆ ಸವರಿ ಹೋದಳು.

ಹನ್ನೆರಡಕ್ಕೆ ಮುಂಚೆ ಪೆಟ್ಟಿಗೆ ತೆಗೆದೆ. ಎಡೆಯನ್ನು ನಾನೇ ಉಂಡೆ. ಉಪ್ಪು ಕಡಿಮೆಯಾಗಿತ್ತು, ಅಷ್ಟೇ ಅನ್ನಿಸಿದ್ದು. ಬೆಲ್ಲನಿಗೆ ಬನ್ನು ಕೊಟ್ಟೆ.

ಈಗ ಕಾನೂನಿನ ಪ್ರಶ್ನೆ. ಹಕ್ಕಿ ಬಂತು, ಆದರೆ ಅದು ಕಾಗೆಯಲ್ಲ, ಕಾಗೆಯ ದಾಯಾದಿ. ಎಲೆಯನ್ನು ಮುಟ್ಟಿತು, ಅನ್ನವನ್ನು ಮುಟ್ಟಲಿಲ್ಲ. ಮುಟ್ಟದಿದ್ದುದು ಅದರ ಇಷ್ಟದಿಂದಲ್ಲ, ನಾನು ಓಡಿಸಿದ್ದರಿಂದ. ಹಾಗಿದ್ದರೆ ಅವಳು ಒಪ್ಪಿದಳೋ, ಇಲ್ಲವೋ? ಫಾಸ್ಟರ್ ಸಿಟಿಯವರು ಈ ಭಾನುವಾರ ಮಧ್ಯಾಹ್ನ ಬರುತ್ತಾರೆ. ಅಷ್ಟರೊಳಗೆ ತಿಳಿಸಿ.

ಇಂತಿ,
ಚೆಲುವರಾಜು

*

ಮಂಡ್ಯ,
25-9-2025

ಚಿ. ರಾಜುಗೆ ಆಶೀರ್ವಾದ.

ನಿನ್ನ ಕಾಗದವನ್ನು ಹರ್ಷಿತಾ ಮನೆಮಂದಿಗೆಲ್ಲ ಜೋರಾಗಿ ಓದಿದಳು. ಗಾರೆ ಅಂದ ಕಡೆ ಎಲ್ಲರೂ ನಕ್ಕರು. ಪೆಟ್ಟಿಗೆ ಬಂದ ಕಡೆ ಅವಳೇ ಓದೋದು ನಿಲ್ಲಿಸಿ ಒಲೆ ಮೇಲೆ ಹಾಲಿದೆ ಅಂತ ಎದ್ದು ಹೋದಳು. ಒಲೆ ಮೇಲೆ ಹಾಲಿರಲಿಲ್ಲ.

ತೀರ್ಪು ಕೇಳಿದ್ದೀಯೆ, ತಗೋ. ದಾಯಾದಿ ಬಂದರೂ ಬಂದ ಹಾಗೇ. ನಮ್ಮ ಮನೆಯ ಯಾವ ಮದುವೆಗೆ ದಾಯಾದಿಗಳು ಮೊದಲ ಪಂಕ್ತಿಗೆ ಕೂತಿಲ್ಲ ಹೇಳು. ಅಲ್ಲಿಯ ಕಾಗೆಗಳಿಗೆ ಸರ್ಕಾರದ ಭಯ, ಅದಕ್ಕೇ ಚಿಕ್ಕಪ್ಪನ ಮಗನನ್ನು ಕಳಿಸಿವೆ. ಅವಳು ಬಂದಿದ್ದಳು. ಬಂದು ಎಲೆ ತುಳಿದಿದ್ದಾಳೆ ಅಂದಮೇಲೆ ಒಪ್ಪಿಗೆ. ಓಡಿಸಿದ್ದು ನಿನ್ನ ಪೆದ್ದುತನ, ಅದಕ್ಕೆ ಅವಳು ಜವಾಬ್ದಾರಳಲ್ಲ.

ನಾಯೀನ ಕೊಟ್ಟುಬಿಡು. ಕೊಟ್ಟು ಸಂಕ್ರಾಂತಿಗೆ ಇಲ್ಲಿಗೆ ಬಾ, ಒಂದು ತಿಂಗಳು ಇದ್ದು ಹೋಗು. ನಾಯಿ ಇದೆ ಅನ್ನೋ ನೆಪ ಇನ್ನು ನಡೆಯಲ್ಲ. ಬರೀ ತಲೆಯಾಡಿಸಿಕೊಂಡು ಎಷ್ಟು ದಿನ ಇರ್ತೀಯೆ ಆ ಮನೇಲಿ?

ಇಲ್ಲಿ ನಾನೂ ಅವಳಿಗೆ ಎಡೆ ಇಟ್ಟಿದ್ದೆ. ಮಹಡಿ ಮೇಲೆ ಎಲೆ ಇಟ್ಟು ಕೈ ತೆಗೆದಿರಲಿಲ್ಲ, ಕಾಗೆ ಬಂದು ಮುಟ್ಟಿತು. ಎಲ್ಲರೂ ಎಷ್ಟು ಬೇಗ, ಎಷ್ಟು ಬೇಗ ಅಂತ ಖುಷಿಪಟ್ಟರು. ಅಷ್ಟು ಬೇಗ ಬರಬಾರದಾಗಿತ್ತು. ಸ್ವಲ್ಪ ಸತಾಯಿಸಬೇಕಿತ್ತು. ಹುಟ್ಟಿದಾಗಿನಿಂದ ನನ್ನನ್ನು ಒಂದು ದಿನ ಸತಾಯಿಸಿದವಳಲ್ಲ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ.

ದೊಡ್ಡತಾಯಮ್ಮ

*

ಸ್ಯಾನ್ ರಮೋನ್,
ಸೆಪ್ಟೆಂಬರ್ 28, ಭಾನುವಾರ

ತಾಯಕ್ಕನವರಿಗೆ,

ನಿಮ್ಮ ತೀರ್ಪಿನ ಪ್ರಕಾರ ಬೆಳಿಗ್ಗೆಯೇ ಎಲ್ಲ ಸಿದ್ಧಮಾಡಿದೆ. ಅವನ ತಟ್ಟೆ, ಹಗ್ಗ, ಕಂಬಳಿ, ಚುಚ್ಚುಮದ್ದಿನ ಚೀಟಿ. ಒಂದು ಚೀಲಕ್ಕೆ ಆಯಿತು. ಒಂದು ಜೀವ ಮನೆ ಬಿಡಲು ಒಂದು ಚೀಲ ಸಾಕಾಗುತ್ತದೆ ಎಂದು ನೋಡಿ ಮೆಚ್ಚಿದೆ. ಏನೂ ಅನ್ನಿಸಲಿಲ್ಲ.

ಮಧ್ಯಾಹ್ನ ಯತೀಶ್ ಕುಟುಂಬ ಬಂತು. ಯತೀಶ್ ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, 'ಬೇಜಾರು ಮಾಡ್ಬೇಡಿ ಮಾರಾಯ್ರೆ. ಬ್ರಿಡ್ಜ್ ದಾಟಿದ್ರೆ ನಮ್ಮನೆ. ಯಾವಾಗ ಬೇಕಾದ್ರೂ ಬಂದು ನೋಡ್ಬಹುದು' ಎಂದರು. ಬೇಜಾರಿಲ್ಲ ಎಂದೆ. ಬೆಲ್ಲನಿಗೂ ಇರಲಿಲ್ಲ. ಕಾರಿನ ಬಾಗಿಲು ತೆರೆದ ತಕ್ಷಣ ಹತ್ತಿ, ಲಾಸ್ಯಾಳ ಪಕ್ಕದಲ್ಲಿ ಊರಿಗೆ ಹೊರಟ ಗಂಡಿನ ಕಡೆಯವರಂತೆ ನಿಂತ.

ಲಾಸ್ಯಾ 'ಸಿಟ್' ಎಂದಳು. ಬೆಲ್ಲ ಕಿಟಕಿ ನೋಡಿದ. 'ಸಿಟ್, ಬೆಲ್ಲಾ!' ಅವನು ಕಿಟಕಿಯನ್ನು ಇನ್ನೂ ಆಳವಾಗಿ ನೋಡಿದ.

'ಇವನಿಗೆ ಯಾವ ಕಮ್ಯಾಂಡ್ಸ್ ಬರ್ತದೆ ಅಂಕಲ್?' ಎಂದು ತನ್ವಿ ಕೇಳಿದರು.

'ಇಂಗ್ಲಿಷ್ ಬರಲ್ಲಮ್ಮ. ಕುಂತ್ಕ ಅನ್ನಬೇಕು' ಎಂದೆ.

ಲಾಸ್ಯಾ 'ಕುಂಟ್ಕಾ' ಎಂದಳು. ತನ್ವಿ ನಕ್ಕು, 'ಇದು ನಮ್ಮ ಉಡುಪಿ ಕಡೆಯ ಕನ್ನಡವೂ ಅಲ್ಲ, ನಾನೂ ಕಲೀಬೇಕು' ಎಂದು ಫೋನು ತೆಗೆದು ಬರೆದುಕೊಳ್ಳತೊಡಗಿದರು. 'ಊಟ ಹಾಕುವಾಗ ಏನು ಹೇಳ್ತೀರಿ?'

'ನಾನು ಏನೂ ಹೇಳಲ್ಲ. ತಟ್ಟೆ ಇಟ್ಟು ಹೋಗ್ತೀನಿ. ಅವಳು ಹೇಳೋಳು.'

'ಆಂಟಿ ಏನು ಹೇಳ್ತಿದ್ರು?'

ತಾಯಕ್ಕ, ನಿಮ್ಮ ತಂಗಿಗೆ ಎರಡು ಕನ್ನಡ ಇತ್ತು. ನೆಂಟರು ಬಂದರೆ ಬೆಂಗಳೂರಿನದು, ನನ್ನ ಹತ್ತಿರವೂ ಬಹುಮಟ್ಟಿಗೆ ಅದೇ. ನಾಯಿಯ ಹತ್ತಿರ ಮಾತ್ರ ನಿಮ್ಮೂರಿನದು. ಅಡುಗೆಮನೆಯಿಂದ ಕೇಳಿಸುತ್ತಿತ್ತು. ನಾನು ಕಿವಿಗೊಟ್ಟು ಕೇಳಿದ್ದಿಲ್ಲ, ಸುಮ್ಮನೆ ಕಿವಿಗೆ ಬಿದ್ದದ್ದು. ಆ ಹೆಣ್ಣುಮಗಳು ಬರೆದುಕೊಳ್ಳಲು ಕಾಯುತ್ತಿದ್ದಾರಲ್ಲ ಎಂದು, ಅದು ಹೇಗಿತ್ತೋ ಹಾಗೆ ಹೇಳಲು ನೋಡಿದೆ. ಮೊದಲನೆಯದನ್ನು ಸ್ವಲ್ಪ ಗದರಿಸಿದಂತೆ, ಕೊನೆಯದನ್ನು ಎಳೆದು, ಮೂಗಿನಲ್ಲಿ ಕೊಂಚ ಏರಿಸಿ.

'ಉಂಡ್ಯೇನ್ಲಾ ಮಗಾ... ಉಂಡ್ಯಾ?'

ಬೆಲ್ಲ ಲಾಸ್ಯಾಳ ತೊಡೆಯ ಮೇಲಿಂದ ಹಾರಿದ. ನನ್ನ ಮೊಣಕಾಲಿಗೆ ಹೊಡೆದುಕೊಂಡು, ತೆರೆದಿದ್ದ ಬಾಗಿಲಿನಿಂದ ನೇರ ಅಡುಗೆಮನೆಗೆ ಓಡಿದ. ನನ್ನನ್ನು ನೋಡಲೂ ಇಲ್ಲ.

ನಾನೂ ಮನೆಯ ಕಡೆ ತಿರುಗಿದ್ದೆ. ಅವನು ಓಡಿದ್ದಕ್ಕೆ ತಿರುಗಿದ್ದಲ್ಲ, ತಾಯಕ್ಕ. ಅವನಿಗಿಂತ ಮೊದಲೇ ತಿರುಗಿದ್ದೆ.

ಒಳಗೆ ಹೋದೆ. ಅಡುಗೆಮನೆಯಲ್ಲಿ ಬಾಲ ಆಡಿಸುತ್ತಾ ನಿಂತಿದ್ದ. ಸ್ಟೌವಿನ ಹತ್ತಿರ ನೋಡಿದ, ಫ್ರಿಜ್ಜಿನ ಹಿಂದೆ ಮೂಸಿದ, ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಂದ. ಬಾಲ ಆಡುತ್ತಲೇ ಇತ್ತು. ಅದು ನಿಲ್ಲುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ. ಹೊರಗೆ ಬಂದೆ.

'ಆಗಲ್ಲ ಯತೀಶ್' ಎಂದೆ.

'ಇವತ್ತು ಬೇಡ ಅಂದ್ರೆ ಮುಂದಿನ ವಾರ ಬರ್ತೇವೆ ಅಂಕಲ್.'

'ಮುಂದಿನ ವಾರವೂ ಆಗಲ್ಲ.'

ನಾನು ತಲೆ ಆಡಿಸಿದ್ದು ಅಡ್ಡಡ್ಡಲಾಗಿ. ಬಹಳ ದಿನವಾಗಿತ್ತು, ಕುತ್ತಿಗೆಗೆ ಅಭ್ಯಾಸ ತಪ್ಪಿದೆ. ಲಾಸ್ಯಾ ಜೋರಾಗಿ ಅತ್ತಳು. ಯತೀಶ್ ಒಳ್ಳೆಯವರು, ಆದರೂ ಕಾರನ್ನು ಬೇಕಾದ್ದಕ್ಕಿಂತ ಜೋರಾಗಿ ಹಿಂದಕ್ಕೆ ತೆಗೆದರು. ಮಗುವಿಗೆ ಆಸೆ ತೋರಿಸಿ ಕೈಕೊಟ್ಟವನ ಮೇಲೆ ಅಷ್ಟು ಸಿಟ್ಟು ಬರಬೇಕಾದದ್ದೇ. ನಾಳೆ ಫೋನು ಮಾಡಿ ಕ್ಷಮೆ ಕೇಳುತ್ತೇನೆ. ಆ ಹಾಸಿಗೆಗೆ ಬೇರೆ ನಾಯಿ ಹುಡುಕಿಕೊಡುವ ಹೊಣೆಯೂ ನನ್ನದೇ.

ಒಟ್ಟಿನಲ್ಲಿ, ನಿಮ್ಮ ತೀರ್ಪನ್ನು ಮೀರಿದ್ದೇನೆ. ಕಾಗೆಯದನ್ನೂ, ಅದರ ದಾಯಾದಿಯದನ್ನೂ. ಸಂಕ್ರಾಂತಿಗೆ ಬರಲಾಗದು. ಬೈಯುವುದಿದ್ದರೆ ಬೈಯಿರಿ.

ನನಗೆ ಅಳು ಬರಲಿಲ್ಲ. ಬರಬಹುದೆಂದು ಅಡುಗೆಮನೆಯಲ್ಲೇ ಕೂತು ಸ್ವಲ್ಪ ಹೊತ್ತು ನೋಡಿದೆ. ಸಂಜೆ ತಟ್ಟೆಗೆ ಊಟ ಹಾಕಿ ಇನ್ನೊಮ್ಮೆ ಅದೇ ಮಾತು ಹೇಳಿದೆ. ಬೆಲ್ಲ ಈ ಸಲ ಓಡಲಿಲ್ಲ. ಹತ್ತಿರ ಬಂದು, ನನ್ನ ಬಾಯನ್ನೇ ನೋಡುತ್ತಾ ನಿಂತ. ಆಮೇಲೆ ಉಂಡ.

ನನಗೆ ಬರುವುದು ಅದೊಂದು, ಕುಂತ್ಕ ಒಂದು, ಎರಡೇ. ನಿಮ್ಮ ಮನೆಯಲ್ಲಿ ಚಿಕ್ಕಂದಿನಿಂದ ನಾಯಿಗಳಿದ್ದವಂತಲ್ಲ. ಅವಳು ಅವನ್ನು ಹೊರಗಿನಿಂದ ಹೇಗೆ ಕರೆಯುತ್ತಿದ್ದಳು, ತಪ್ಪು ಮಾಡಿದರೆ ಏನೆಂದು ಬೈಯುತ್ತಿದ್ದಳು, ಸಿಡಿಲಿಗೆ ಹೆದರಿದರೆ ಏನು ಹೇಳಿ ಮಲಗಿಸುತ್ತಿದ್ದಳು? ನೆನಪಿದ್ದಷ್ಟು ಬರೆದು ಕಳಿಸಿ. ಎಲ್ಲಿ ಎಳೆಯಬೇಕು, ಎಲ್ಲಿ ಗದರಬೇಕು ಎನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.

ಇಂತಿ ನಿಮ್ಮ,
ರಾಜು